ತಲೆ ಸಮೇತ ಸಿಗಡಿ

ಬಂದರಿನ ಹಿಂಬದಿಯಲ್ಲಿ, ಐಸ್ ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು ನಿಂತ ತಗಡು ಮಾಡಿನ ಉದ್ದನೆಯ ಶೆಡ್ಡಿನಲ್ಲಿ ಚಿವುಟಕ್ಕನ ಮುಕ್ಕಾಲು ಆಯುಸ್ಸು ಕಳೆದಿತ್ತು. ಅಲ್ಲಿ ಸ್ಟೀಲಿನ ಮೇಜುಗಳ ಮುಂದೆ ಹೆಂಗಸರು ಸಾಲಾಗಿ ನಿಂತು ಸಿಗಡಿ ಸುಲಿಯುತ್ತಾರೆ. ಎಡಗೈಯಲ್ಲಿ ಸಿಗಡಿಯ ಬೆನ್ನು, ಬಲಗೈಯ ಎರಡು ಬೆರಳ ನಡುವೆ ಅದರ ಕುತ್ತಿಗೆ. ಒಂದು ಚಿವುಟಿಗೆ ತಲೆ ಬುಟ್ಟಿಗೆ, ಎರಡು ಎಳೆತಕ್ಕೆ ಸಿಪ್ಪೆ ಬುಟ್ಟಿಗೆ, ಉಗುರಿನ ಒಂದು ಗೀರಿಗೆ ಬೆನ್ನಿನ ಕಪ್ಪು ಕರುಳು ಹೊರಗೆ. ಬತ್ತಲೆ ಸಿಗಡಿ ಐಸು ತುಂಬಿದ ಟ್ರೇಗೆ. ಬೇರೆ ಹೆಂಗಸರು ಬಗ್ಗಿ ನೋಡಿ ಮಾಡುವ ಕೆಲಸವನ್ನು ಅವಳು ಬಾಗಿಲಾಚೆ ನಾಯಿ ಜಗಳ ನೋಡುತ್ತಲೇ ಮಾಡಿ ಮುಗಿಸುತ್ತಿದ್ದಳು. ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ಉಂಗುರದಂತೆ ಸಿಕ್ಕಿಸಿಕೊಂಡಿದ್ದು ಬಿಟ್ಟರೆ ಬೇರೆ ಆಯುಧವಿಲ್ಲ. ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಉಳಿಯಿತು. ಊರ ಬಾಯಲ್ಲಿ ಅವಳು ಚಿವುಟಕ್ಕ.

ಆ ಶೆಡ್ಡಿಗೊಮ್ಮೆ ಹೊಸ ಮೇಸ್ತ್ರಿ ಬಂದ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಬಂದ ದಿನವೇ ಅಪ್ಪಣೆ ಹೊರಡಿಸಿದ: "ಕೆಲಸದ ಹೊತ್ತಲ್ಲಿ ಯಾರೂ ಬಾಯಿ ಬಿಡೋ ಹಾಗಿಲ್ಲ." ಹೆಂಗಸರು ಬಾಯಿ ಮುಚ್ಚಿದರು. ಸಂಜೆ ನೋಡಿದರೆ ಅರ್ಧಕ್ಕರ್ಧ ಸಿಗಡಿ ಸುಲಿಯದೆ ರಾಶಿ ಬಿದ್ದಿದೆ. ಮೇಸ್ತ್ರಿ ತಲೆ ಕೆರೆದುಕೊಂಡ.

"ಬಾಯಿಗೂ ಕೈಗೂ ಒಂದೇ ದಾರ ಸ್ವಾಮಿ. ಅದನ್ನ ಕಟ್ಟಿದ್ರೆ ಇದೂ ನಿಲ್ಲುತ್ತೆ," ಎಂದಳು ಚಿವುಟಕ್ಕ. "ನಾವೇನು ಯೋಚನೆ ಮಾಡಿ ಸುಲೀತೀವಾ? ಮಾತಾಡ್ತಾ ಇದ್ರೆ ಅದರ ಪಾಡಿಗೆ ಅದು ಆಗುತ್ತೆ."

ಮರುದಿನ ಮೇಸ್ತ್ರಿ ತಾನೇ ಒಂದು ಸುದ್ದಿ ತಂದು ಹೆಂಗಸರ ನಡುವೆ ಎಸೆದು ಹೋದನಂತೆ, ಬೆಂಕಿಗೆ ಕಡ್ಡಿ ಎಸೆದ ಹಾಗೆ.

ಚಿವುಟಕ್ಕನಿಗೆ ಒಬ್ಬಳೇ ತಂಗಿ. ಅಪ್ಪ ದೋಣಿ ಹತ್ತಿ ಹೋದವನು ಇನ್ನೊಂದು ಬಂದರಿನಲ್ಲಿ ಇನ್ನೊಂದು ಒಲೆ ಹೂಡಿಕೊಂಡನೆಂದು ಸುದ್ದಿ ಬಂತೇ ಹೊರತು ಅವನು ಬರಲಿಲ್ಲ. ತಂಗಿ ಇನ್ನೂ ತೊದಲು ಮಾತಾಡುವಾಗಲೇ ಅವ್ವ ಕಣ್ಣು ಮುಚ್ಚಿದಳು. ಮೀಸೆ ಮೂಡದ ಹುಡುಗನಿಗೆ ಮನೆಯ ನೊಗ ಬಿದ್ದಂತೆ, ಸೆರಗು ಹೊದೆಯುವ ವಯಸ್ಸಿಗೆ ಚಿವುಟಕ್ಕನಿಗೆ ಶೆಡ್ಡೂ ಬಿತ್ತು, ಮಗುವೂ ಬಿತ್ತು. ಹಾಡಿ ಮಲಗಿಸುವುದು, ಎತ್ತಿ ಆಡಿಸುವುದು ಅವಳಿಗೆ ಬರಲಿಲ್ಲ. ಮುದ್ದು ಮಾಡಲು ಅವಳಿಗೆ ಗೊತ್ತಿದ್ದ ದಾರಿ ಒಂದೇ, ಸುಲಿದುಕೊಡುವುದು. ಕಡಲೆಕಾಯಿ ಸುಲಿದು ಬಟ್ಟಲಿಗೆ ಹಾಕುವಳು. ಬೇಯಿಸಿದ ಮೊಟ್ಟೆಯ ಸಿಪ್ಪೆ ತೆಗೆದು ಉಪ್ಪು ಹಚ್ಚಿ ಬಾಯಿಗಿಡುವಳು. ಕಿತ್ತಳೆಯ ಪ್ರತಿ ತೊಳೆಯಿಂದ ಬಿಳಿ ನಾರು ಬಿಡಿಸಿ, ಬೀಜ ತೆಗೆದು, ಸಾಲಾಗಿ ಜೋಡಿಸಿ ಕೊಡುವಳು. ತಂಗಿ ಚಾಕು ಮುಟ್ಟಿದರೆ "ಬಿಡೇ, ಕೈ ಕೊಯ್ದುಕೊಳ್ತೀಯ." ಒಲೆಯ ಹತ್ತಿರ ಸುಳಿದರೆ "ಬಿಡೇ, ಸುಟ್ಟುಕೊಳ್ತೀಯ." ಶೆಡ್ಡಿನ ಬಾಗಿಲಿಗೆ ಬಂದರೆ "ನಡೀ ಮನೆಗೆ, ವಾಸನೆ ಹತ್ತುತ್ತೆ." ಊಟಕ್ಕೆ ಕೂತರೆ ಮೀನಿನ ಮುಳ್ಳನ್ನೂ ಅಕ್ಕನೇ ತೆಗೆಯಬೇಕು. ನೋಡಿದವರು ಹೊಗಳಿದರು. ತಾಯಿಗಿಂತ ಹೆಚ್ಚು ಅಂದರು. ಅತಿಸ್ನೇಹ ಗತಿಕೇಡು ಎಂದು ಒಬ್ಬ ಮುದುಕಿ ಮಾತ್ರ ಗೊಣಗಿದಳು. ಮುದುಕಿಯರ ಗೊಣಗಾಟವನ್ನು ಯಾರು ಕೇಳುತ್ತಾರೆ?

ಹುಡುಗಿ ಬೆಳೆದಳು. ಚಿವುಟಕ್ಕ ಗಂಡನ್ನೂ ತಾನೇ ಹುಡುಕಿದಳು. ಐಸ್ ಕಾರ್ಖಾನೆಯ ಗುಮಾಸ್ತನ ಮಗ. ಮಾತುಕತೆ ಮುಗಿದು, ದಿನವೂ ಗೊತ್ತಾದ ಮೇಲೆ ತಂಗಿಗೆ ತಿಳಿಸಿದಳು.

"ನನ್ನನ್ನ ಒಂದು ಮಾತು ಕೇಳಿದ್ಯಾ?" ಎಂದಳು ತಂಗಿ.

"ಕೇಳೋದೇನಿದೆ? ಎಲ್ಲಾ ನೋಡಿ, ತೂಗಿ, ಹಸನು ಮಾಡಿ ಇಟ್ಟಿದೀನಿ. ನೀನು ಬಾಯಿಗೆ ಹಾಕ್ಕೊಳ್ಳೋದು ಅಷ್ಟೇ."

ತಂಗಿ ಬಾಯಿಗೆ ಹಾಕಿಕೊಳ್ಳಲಿಲ್ಲ. ಜನ ಸಾಗಿಸುವ ದೊಡ್ಡ ಹಡಗೊಂದರ ಅಡುಗೆಮನೆಗೆ ಕೈಯಾಳುಗಳು ಬೇಕೆಂದು ಬಂದರಿನ ಗೋಡೆಗೆ ಚೀಟಿ ಅಂಟಿಸಿದ್ದರು. ಅಲ್ಲಿಗೆ ಹೋಗಿ ಹೆಸರು ಕೊಟ್ಟು ಬಂದಳು. ಹೊರಟ ದಿನ ಚಿವುಟಕ್ಕ ಹೊಸ್ತಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಅಂದಳು: "ಮೊಟ್ಟೆ ಸುಲಿಯೋಕೆ ಬಾರದವಳು ಹಡಗಿಗೆಲ್ಲಾ ಅಡುಗೆ ಮಾಡ್ತಾಳಂತೆ! ಹೋಗು, ಹೋಗು. ಅಳ್ತಾ ನನ್ನ ಹೊಸ್ತಿಲಿಗೇ ಬರ್ತೀಯ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಅಳಲೂ ಇಲ್ಲ, ಬರಲೂ ಇಲ್ಲ. ವರ್ಷಗಟ್ಟಲೆ ನೀರಿನ ಮೇಲೆಯೇ ಇದ್ದಳು. ಆಗೊಮ್ಮೆ ಈಗೊಮ್ಮೆ ಫೋನು. "ಚೆನ್ನಾಗಿದೀಯಾ?" "ಚೆನ್ನಾಗಿದೀನಿ." "ಊಟ?" "ಆಯ್ತು." ಅಷ್ಟೇ. ಈ ನಡುವೆ ಚಿವುಟಕ್ಕ ಬಲೆ ಹೆಣೆಯುವವನೊಬ್ಬನನ್ನು ಮದುವೆಯಾದಳು. ಅವನು ಮಾತು ಕಡಿಮೆ, ಬೀಡಿ ಹೆಚ್ಚು, ಗಂಟು ಹಾಕುವುದರಲ್ಲಿ ನಿಸ್ಸೀಮ. ಮಕ್ಕಳಾಗಲಿಲ್ಲ. ಹಿಂದಿನ ಕೋಣೆ ತುಂಬ ಬಲೆಗಳು ತುಂಬಿಕೊಂಡವು.

ಹೀಗಿರುವಾಗ ತಂಗಿಯೇ ಫೋನು ಮಾಡಿದಳು. ಹಡಗಿನ ಏಣಿ ಹತ್ತಿಳಿದು ಮಂಡಿ ಸವೆದಿದೆ, ನೀರಿನ ಕೆಲಸ ಸಾಕು. ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ತೆರೆಯುವ ಹೋಟೆಲಿನ ಅಡುಗೆಮನೆಗೆ ಇವಳೇ ಯಜಮಾನಿ. ಊರಿಗೇ ಬರುತ್ತಿದ್ದೇನೆ, ಇರಲು ಕೋಣೆ ಹುಡುಕುತ್ತಿದ್ದೇನೆ ಅಂದಳು.

ಚಿವುಟಕ್ಕನ ಎದೆಯಲ್ಲಿ ಏನೋ ಜಾರಿ ಮತ್ತೆ ತನ್ನ ಜಾಗಕ್ಕೆ ಕೂತ ಹಾಗಾಯಿತು. "ಕೋಣೆ ಯಾಕೆ ಹುಡುಕ್ತೀಯ? ಹಿಂದಿನ ಕೋಣೆ ಇಲ್ವಾ?"

"ಸೇತುವೆ ಆಚೆ ಒಂದು ಕೋಣೆ ನೋಡಿದೀನಿ ಅಕ್ಕ. ಭಾನುವಾರ ಸಂಜೆಯೊಳಗೆ ಹೇಳ್ಬೇಕು ಅಂದಿದಾನೆ ಮನೆಯವನು. ಭಾನುವಾರ ಮಧ್ಯಾಹ್ನ ನಿನ್ನ ಮನೆಗೆ ಬರ್ತೀನಿ. ಅಡುಗೆ ನಾನೇ ಮಾಡ್ತೀನಿ. ಊಟ ಮಾಡ್ತಾ ಮಾತಾಡೋಣ."

ಆ ವಾರವಿಡೀ ಬಲೆಯವನ ಪಾಡು ನಾಯಿಪಾಡು. ಬಲೆಗಳನ್ನೆಲ್ಲ ಹೊತ್ತು ಹಿತ್ತಲಿಗೆ ಹಾಕಿದ. ಕೋಣೆಗೆ ಸುಣ್ಣ ಹೊಡೆದ. ಕಿಟಕಿಯ ತುಕ್ಕು ಕೆರೆದ. ಬಲ್ಬು ಬದಲಿಸಿದ. ಚಿವುಟಕ್ಕ ಅದು ಸಾಲದು ಎಂದು ಮತ್ತೆ ಬದಲಿಸಿದಳು.

"ಬರೋದು ನಿನ್ನ ತಂಗಿಯೋ, ಮಂತ್ರಿಯೋ?" ಎಂದ ಬಲೆಯವನು.

"ಮಂತ್ರಿಗಾದ್ರೆ ನಿನ್ನ ಬಲೆ ತೆಗೆಸ್ತಿರಲಿಲ್ಲ. ಅವನೂ ಅದರಲ್ಲೇ ಬಿದ್ದಿರ್ತಿದ್ದ."

"ಒಂದು ಮಾತು ಹೇಳ್ತೀನಿ ಕೇಳು. ಅವಳು ಅಡುಗೆ ಮಾಡ್ತೀನಿ ಅಂದಿದಾಳೆ. ಮಾಡೋಕೆ ಬಿಡು. ನೀನು ಕೈಕಟ್ಟಿ ಕೂತ್ಕೋ."

"ನನಗೆ ಅಷ್ಟೂ ಗೊತ್ತಾಗಲ್ವಾ?" ಎಂದು ಚಿವುಟಕ್ಕ ಸಿಡುಕಿದಳು.

ಭಾನುವಾರ ತಂಗಿ ಬಂದಳು. ಕೂದಲು ಅರ್ಧ ನೆರೆತಿದೆ, ತೋಳಿನ ಮೇಲೆ ಸುಟ್ಟ ಗುರುತುಗಳು, ನಡಿಗೆಯಲ್ಲಿ ಸ್ವಲ್ಪ ಕುಂಟು. ನಗು ಮಾತ್ರ ಅದೇ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಐಸಿನ ಡಬ್ಬ. ಹಿಂದಿನ ಕೋಣೆಗೆ ಹೋಗಿ ಕಿಟಕಿ ತೆರೆದಳು. ಗಾಳಿ ನೋಡಿದಳು. ಮಂಚದ ಮೇಲೆ ಕೂತು ಒಮ್ಮೆ ಕುಪ್ಪಳಿಸಿದಳು. ಚೀಲವನ್ನು ಮೂಲೆಯಲ್ಲಿಟ್ಟು, ಅದರಿಂದ ತನ್ನ ಅಡುಗೆಯ ಬಿಳಿ ಮೇಲಂಗಿ ತೆಗೆದು, ಒಂದು ಗಳಿಗೆ ಯೋಚಿಸಿ, ಗೋಡೆಯ ಮೊಳೆಗೆ ತೂಗುಹಾಕಿದಳು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಚಿವುಟಕ್ಕ ಗಂಡನ ಪಕ್ಕೆಗೆ ತಿವಿದಳು. ಮೊಳೆಗೆ ಬಟ್ಟೆ ಬಿತ್ತೆಂದರೆ ಮುಕ್ಕಾಲು ಮಾತು ಮುಗಿದ ಹಾಗೆಯೇ.

ಅಡುಗೆಮನೆಗೆ ಬಂದು ತಂಗಿ ಡಬ್ಬ ತೆರೆದಳು. ಬೆಳಗಿನ ದೋಣಿಯಿಂದಲೇ ಆರಿಸಿ ತಂದ ಸಿಗಡಿ. ಅಂಗೈಯುದ್ದ ಒಂದೊಂದೂ, ಮೀಸೆ ಸಮೇತ, ಕಣ್ಣು ಕರಿಮಣಿಯ ಹಾಗೆ ಹೊಳೆಯುತ್ತಿದೆ. ಅವನ್ನು ಬೋಗುಣಿಗೆ ಸುರಿದು, ನೀರು ಬಸಿದು, ಮೇಜಿನ ಮೇಲಿಟ್ಟಳು. ಅಕ್ಕನ ಭುಜ ಹಿಡಿದು ಆ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು.

"ಇವತ್ತು ನೀನು ಏಳೋ ಹಾಗಿಲ್ಲ. ನಾನು ಮಾಡೋದನ್ನ ನೋಡು. ಬಾಣಲೆ ಕಾದರೆ ನಾಲ್ಕು ನಿಮಿಷದ ಕೆಲಸ."

"ನಾಲ್ಕೇ ನಿಮಿಷಾನಾ? ಅದೇನು ಅಡುಗೆಯೇ?"

"ಹಡಗಲ್ಲಿ ಹತ್ತು ಊರಿನ ಅಡುಗೆಯವರು ಅಕ್ಕ. ಒಬ್ಬ ಸೋಯಾ ಸಾಸ್ ಇಲ್ದೆ ಉಸಿರಾಡಲ್ಲ. ಒಬ್ಬ ಎಲ್ಲದಕ್ಕೂ ಬೆಣ್ಣೆ. ನನಗೆ ಒಣಮೆಣಸಿನಕಾಯಿ, ಕಾಳುಮೆಣಸು, ಬೆಳ್ಳುಳ್ಳಿ ಬೇಕೇ ಬೇಕು. ಮೂವರದ್ದನ್ನೂ ಒಂದೇ ಬಾಣಲೆಗೆ ಹಾಕಿದೆ. ಮೊದಲ ಸಲ ಎಲ್ಲರೂ ಬೈದ್ರು. ಎರಡನೇ ಸಲ ತಟ್ಟೆ ನೆಕ್ಕಿದ್ರು. ಇದು ನಾನೇ ಕಂಡುಹಿಡಿದಿದ್ದು. ಯಾರೂ ಹೇಳಿಕೊಟ್ಟಿದ್ದಲ್ಲ."

ಕೊನೆಯ ಮಾತು ಹೇಳುವಾಗ ಅವಳು ಅಕ್ಕನ ಮುಖ ನೋಡಿದ ನೋಟ ಚಿಕ್ಕ ಮಗುವಿನದು. ಹೊಸ್ತಿಲ ಮೇಲೆ ಆಡಿದ ಆ ಹಳೆಯ ಮಾತಿಗೆ ಇಷ್ಟು ವರ್ಷ ಕಾದು ತಂದ ಉತ್ತರ ಈ ಬೋಗುಣಿಯಲ್ಲಿದೆ ಎಂದು ಚಿವುಟಕ್ಕನಿಗೂ ಹೊಳೆಯದೆ ಇರಲಿಲ್ಲ. ಬಾಯಲ್ಲಿ ಒಂದು ಒಳ್ಳೆಯ ಮಾತು ಬರುವುದರಲ್ಲಿತ್ತು. ಅಷ್ಟರಲ್ಲಿ ತಂಗಿ ಹಣೆ ಬಡಿದುಕೊಂಡಳು.

"ಅಯ್ಯೋ, ನಿಂಬೆಹಣ್ಣು ಮರೆತೆ! ಈರುಳ್ಳಿ ಸೊಪ್ಪೂ ಬೇಕು. ಅಂಗಡಿ ಮೂಲೆಯಲ್ಲೇ ಇದೆ ಅಲ್ವಾ? ಹೀಗೆ ಹೋಗಿ ಹಾಗೆ ಬರ್ತೀನಿ. ಏನೂ ಮುಟ್ಬೇಡ."

"ಮುಟ್ಟಲ್ಲ ಹೋಗೇ."

ಬಲೆಯವನು ಹಿತ್ತಲಿಗೆ ಹೋಗಿ ಬೀಡಿ ಹಚ್ಚಿದ. ಚಿವುಟಕ್ಕ ಕುರ್ಚಿಯಲ್ಲಿ ಕೈ ಮಡಿಚಿ ಕೂತಿದ್ದಳು, ಶಾಲೆಯಲ್ಲಿ ಮೇಷ್ಟ್ರು ಕೂರಿಸಿದ ಹಾಗೆ.

ಆಗ ಕಿಟಕಿಯಲ್ಲಿ ಕೋಳಿಯಮ್ಮನ ತಲೆ ಕಂಡಿತು. ಪಕ್ಕದ ಮನೆಯವಳು, ಮನೆ ತುಂಬ ಕೋಳಿ ಸಾಕಿದವಳು. ಈ ಮನೆಯಲ್ಲಿ ಸಿಗಡಿ ತಂದ ದಿನ ಅವಳ ಮೂಗಿಗೆ ಅದು ಹೇಗೋ ತಿಳಿಯುತ್ತಿತ್ತು. ಸಿಪ್ಪೆಯೆಲ್ಲ ಅವಳ ಕೋಳಿಗಳಿಗೆ ಎಂಬುದು ಹಳೆಯ ಒಡಂಬಡಿಕೆ.

"ಬಂದಳಾ ನಿನ್ನ ರಾಣಿ?"

"ಬಂದಳು. ಕೋಣೆ ನೋಡಿ ಬಟ್ಟೆ ಮೊಳೆಗೆ ಹಾಕಿದಳು ಕಣೇ!" ಚಿವುಟಕ್ಕನ ದನಿಯಲ್ಲಿ ಹಿಗ್ಗು ತುಂಬಿಕೊಂಡಿತ್ತು.

"ಹಂಗಾದ್ರೆ ಇರ್ತಾಳೆ ಬಿಡು. ಹೇಗಿದಾಳೆ? ದಪ್ಪ ಆಗಿದಾಳಾ?"

"ಎಲ್ಲಿ ದಪ್ಪ? ಊರಿಗೆಲ್ಲ ಬೇಯಿಸಿ ಹಾಕೋಳು ತಾನು ತಿಂತಾಳಾ? ತೋಳು ತುಂಬ ಸುಟ್ಟ ಕಲೆ. ಹತ್ತು ಊರಿನವರ ಮಧ್ಯೆ ನಿಂತು ಸೈ ಅನ್ನಿಸಿಕೊಂಡಿದಾಳೆ. ಈಗ ಹೋಟ್ಲಲ್ಲಿ ಇವಳ ಕೈಕೆಳಗೆ ನಾಲ್ಕು ಗಂಡಸರಂತೆ! ಏನೋ ಕಂಡುಹಿಡಿದಿದಾಳಂತೆ, ಅದನ್ನ ಮಾಡಿ ಹಾಕ್ತಾಳೆ ಈಗ. ಚಿಕ್ಕವಳಿದ್ದಾಗ..."

ಮಾತು ಹರಿಯಿತು. ತಂಗಿಯ ಬಗ್ಗೆ ಒಳ್ಳೆಯ ಮಾತಾಡಿ ಎಷ್ಟು ಕಾಲವಾಗಿತ್ತೋ, ಕಟ್ಟೆಯೊಡೆದ ಹಾಗೆ ಹರಿಯಿತು. ಬಾಲ್ಯದ ಜ್ವರ, ಮೊದಲ ಹಲ್ಲು, ಹಡಗು ಹತ್ತಿದ ದಿನ ತಾನು ಆಡಿದ ಮಾತು, ಅದಕ್ಕಾಗಿ ಒಳಗೊಳಗೇ ಬೆಂದದ್ದು ಎಲ್ಲ ಬಂತು. ಕೋಳಿಯಮ್ಮ ಕಿಟಕಿಯ ಕಂಬಿಗೆ ಗಲ್ಲವಿಟ್ಟು ಕೇಳಿದಳು, ನಡುನಡುವೆ ಲೊಚಗುಟ್ಟಿದಳು. ಮೇಜಿನ ಮೇಲೆ ಚಿವುಟಕ್ಕನ ಕೈಗಳು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದವು. ಅವಳ ಕಣ್ಣು ಕಿಟಕಿಯಲ್ಲಿತ್ತು, ಮನಸ್ಸು ಹಡಗಿನಲ್ಲಿತ್ತು.

"ಸರಿ, ಆ ಸಿಪ್ಪೆ ಇತ್ತ ಕೊಡು. ಕೋಳಿಗಳು ಕೂಗ್ತಾ ಇವೆ," ಎಂದಳು ಕೋಳಿಯಮ್ಮ. ಚಿವುಟಕ್ಕ ಎಂದಿನಂತೆ ಮೇಜಿನ ಪಕ್ಕದ ಸಿಪ್ಪೆಬುಟ್ಟಿಯೆತ್ತಿ ಕಿಟಕಿಯಿಂದ ಅವಳ ಮೊರಕ್ಕೆ ಸುರಿದಳು. ಕೋಳಿಯಮ್ಮ ಹೋದಳು.

ಬರಿದಾದ ಬುಟ್ಟಿಯನ್ನು ಕೆಳಗಿಡುವಾಗ ಚಿವುಟಕ್ಕನಿಗೆ ಬೋಗುಣಿ ಕಂಡಿತು. ಅದರಲ್ಲಿ ನುಣ್ಣಗೆ, ಬೆಳ್ಳಗೆ, ತಲೆಯಿಲ್ಲದೆ, ಸಿಪ್ಪೆಯಿಲ್ಲದೆ, ಸಿಗಡಿಗಳು ಸಾಲಾಗಿ ಮಲಗಿದ್ದವು. ಸುಲಿಯದ್ದು ಒಂದೂ ಉಳಿದಿರಲಿಲ್ಲ. ಮೊದಲು ಅವಳಿಗೆ ಅನಿಸಿದ್ದು, ಪರವಾಗಿಲ್ಲ, ಅವಳ ಕೆಲಸ ಹಗುರವಾಯಿತು ಎಂದೇ. ಆದರೆ ಆ ಸಮಾಧಾನ ನಿಲ್ಲಲಿಲ್ಲ. ಮುಟ್ಟಬೇಡ ಎಂದಿದ್ದಳಲ್ಲ.

ತಂಗಿ ನಿಂಬೆಹಣ್ಣು ಹಿಡಿದು ಒಳಗೆ ಬಂದಳು. ಬೋಗುಣಿ ನೋಡಿದಳು. ನೋಡುತ್ತಲೇ ನಿಂತಳು.

"ತಲೆ ಎಲ್ಲಿ?"

"ಅದು... ಮಾತಾಡ್ತಾ ಮಾತಾಡ್ತಾ..."

"ತಲೆ ಎಲ್ಲಿ ಅಕ್ಕ?"

"ಕೋಳಿಯಮ್ಮ ತಗೊಂಡು ಹೋದ್ಲು."

ಚಿವುಟಕ್ಕ ಎದ್ದು ಓಡಿದಳು. ಬೇಲಿಯ ಆಚೆ ಕೋಳಿಗಳು ರೆಕ್ಕೆ ಬಡಿಯುತ್ತ, ಒಂದರ ಕೊಕ್ಕಿನಿಂದ ಇನ್ನೊಂದು ಕಿತ್ತುಕೊಳ್ಳುತ್ತ ಅಂಗಳವನ್ನೇ ರಣರಂಗ ಮಾಡಿದ್ದವು. ಹುಂಜದ ಕೊಕ್ಕಿನಲ್ಲಿ ಉದ್ದನೆಯ ಮೀಸೆಯೊಂದು ಜೋತಾಡುತ್ತಿತ್ತು. "ಏ ಕೋಳಿಯಮ್ಮಾ, ಅವನ್ನ ವಾಪಸ್ ಕೊಡೇ!" ಎಂದು ಚಿವುಟಕ್ಕ ಕೂಗಿದಳು.

"ಏನನ್ನ? ಕೋಳೀನಾ?" ಎಂದಳು ಕೋಳಿಯಮ್ಮ, ಏನೂ ಅರ್ಥವಾಗದೆ.

ಹಿತ್ತಲಲ್ಲಿದ್ದ ಬಲೆಯವನಿಗೆ ಎಲ್ಲ ಅರ್ಥವಾಯಿತು. ಬೀಡಿಯನ್ನು ನೆಲಕ್ಕೊತ್ತಿ ಆರಿಸಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಗಾದೆ ಅವನ ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯ ಮುಖ ನೋಡಿ ನುಂಗಿಕೊಂಡ.

ಒಳಗೆ ತಂಗಿ ಬಾಣಲೆ ಕಾಯಿಸಿದ್ದಳು. ಕೂಗಾಡಲಿಲ್ಲ, ಪಾತ್ರೆ ಬಡಿಯಲಿಲ್ಲ. ಬಾಣಲೆಯಿಂದ ಸಣ್ಣಗೆ ಹೊಗೆಯೆದ್ದಾಗ ಎಣ್ಣೆ ಬಿಟ್ಟಳು. ಜಜ್ಜಿದ ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ ಬಿದ್ದವು. ಘಾಟಿಗೆ ಬಲೆಯವನು ಹೊರಗಿನಿಂದಲೇ ಸೀನಿದ. ಸಿಗಡಿ ಬಿದ್ದೊಡನೆ ಚರ್ ಎಂದಿತು. ಮಣಿಕಟ್ಟಿನ ಒಂದೇ ತಿರುವಿಗೆ ಬಾಣಲೆಯಲ್ಲಿದ್ದುದೆಲ್ಲ ಗಾಳಿಗೆ ಹಾರಿ, ಮಗುಚಿ, ಮತ್ತೆ ಬಾಣಲೆಗೇ ಬಿತ್ತು. ಚಿವುಟಕ್ಕ ಬಾಯಿ ತೆರೆದು ನೋಡಿದಳು. ಆದರೆ ಬತ್ತಲೆ ಸಿಗಡಿ ಆ ಉರಿಯನ್ನು ತಡೆಯಲಿಲ್ಲ. ಕ್ಷಣದಲ್ಲಿ ಮುದುಡಿ ಬೆರಳಿನಷ್ಟಾದವು. ತಂಗಿ ಹಲ್ಲು ಕಚ್ಚಿ ಉರಿ ತಗ್ಗಿಸಿ, ಸೋಯಾ ಸಾಸ್ ಚಿಮುಕಿಸಿ, ಬೆಣ್ಣೆಯ ಗಡ್ಡೆ ಹಾಕಿ, ಕಾಳುಮೆಣಸಿನ ಪುಡಿ ಉದುರಿಸಿ ಇಳಿಸಿದಳು. ನಿಂಬೆ ಹಿಂಡಿದಳು, ಈರುಳ್ಳಿ ಸೊಪ್ಪು ತೂರಿದಳು.

ಮೂವರೂ ಊಟಕ್ಕೆ ಕೂತರು. ಬಿಸಿ ಅನ್ನ, ಮೇಲೆ ಸಿಗಡಿ.

"ಚೆನ್ನಾಗಿದೆ ಕಣಮ್ಮ," ಎಂದ ಬಲೆಯವನು. ನಿಜಕ್ಕೂ ಚೆನ್ನಾಗಿತ್ತು. ಅವನು ಎರಡನೇ ಸಲ ಬಡಿಸಿಕೊಂಡ. "ನನಗಂತೂ ಸಿಪ್ಪೆ ಬಿಡಿಸೋ ಕಷ್ಟ ತಪ್ಪಿತು."

ತಂಗಿ ಒಂದು ಸಿಗಡಿ ಬಾಯಿಗಿಟ್ಟು ಅಗಿದಳು.

"ಚೆನ್ನಾಗೇ ಇದೆ ಭಾವ. ಆದರೆ ಇದು ಅದಲ್ಲ," ಎಂದಳು ತಂಗಿ. "ಸಿಪ್ಪೆ ಕಾದು ಸ್ವಲ್ಪ ಸೀಯಬೇಕು, ಅದರ ಪರಿಮಳ ಎಣ್ಣೆಗೆ ಇಳೀಬೇಕು. ತಲೆಯೊಳಗೆ ಕೆಂಪು ಕೊಬ್ಬು ಇರುತ್ತೆ. ಅದು ಕರಗಿ ಬೆಣ್ಣೆ ಜೊತೆ ಸೇರಿದಾಗ ಆಗೋ ಗೊಜ್ಜೇ ಈ ಅಡುಗೆ. ಉಳಿದಿದ್ದೆಲ್ಲ ಬರೀ ಖಾರ."

"ನಾನು ಬೇಕೂಂತ ಮಾಡಿದ್ದಲ್ಲ ಪುಟ್ಟಿ," ಎಂದಳು ಚಿವುಟಕ್ಕ. "ನನ್ನಾಣೆ, ನನಗೆ ಗೊತ್ತೇ ಆಗಲಿಲ್ಲ."

"ಗೊತ್ತು ಅಕ್ಕ. ಬೇಕೂಂತ ಮಾಡಿದ್ರೆ ಜಗಳ ಆಡಿ ಗೆಲ್ತಿದ್ದೆ. ನಿನ್ನ ಕೈಗಳು ತಾವಾಗೇ ಮಾಡ್ತವೆ. ಅವುಗಳ ಜೊತೆ ನಾನು ಹೇಗೆ ಜಗಳ ಆಡಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚಿವುಟಕ್ಕನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಶಾಲೆಯಲ್ಲಿ ಒಂದು ಸಲ ಎಲ್ಲರಿಗೂ ಕಿತ್ತಳೆ ಹಂಚಿದ್ರು," ತಂಗಿ ಅನ್ನ ಕಲಸುತ್ತ ಹೇಳಿದಳು. "ಎಲ್ಲಾ ಮಕ್ಕಳೂ ಅಲ್ಲೇ ಸುಲಿದು ತಿಂದ್ರು. ನನಗೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಿಲ್ಲ. ಹಾಗೇ ಕಚ್ಚಿದೆ. ಕಹಿ. ಎಲ್ಲರೂ ನಕ್ಕರು. ಆಮೇಲೆ ಅದನ್ನ ಚೀಲದಲ್ಲಿ ಇಟ್ಟುಕೊಂಡು ಸಂಜೆ ನಿನ್ನ ಹತ್ತಿರ ತಂದೆ. ನೀನು ಸುಲಿದು ಕೊಟ್ಟೆ. ಎಷ್ಟು ಖುಷಿಯಾಗಿ ಕೊಟ್ಟೆ ಅಂದರೆ, ನನಗೆ ಹೇಳೋಕೇ ಮನಸ್ಸಾಗಲಿಲ್ಲ."

"ಆಗಲೇ ಹೇಳ್ಬಾರದಾಗಿತ್ತಾ?"

"ಹೇಳಿದ್ರೆ ಏನು ಮಾಡ್ತಿದ್ದೆ? ಮಾರನೇ ದಿನ ಶಾಲೆಗೇ ಬಂದು ಸುಲಿದು ಕೊಡ್ತಿದ್ದೆ."

ಬಲೆಯವನು ಗೊಳ್ಳೆಂದು ನಕ್ಕುಬಿಟ್ಟ. ತಂಗಿಯೂ ನಕ್ಕಳು. ಚಿವುಟಕ್ಕನೂ ನಗಲು ನೋಡಿದಳು. ತುಟಿ ಅಲುಗಿತು ಅಷ್ಟೆ. ತಂಗಿ ಹೇಳಿದ್ದು ನಿಜ, ತಾನು ಹಾಗೇ ಮಾಡುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಕೈ ತೊಳೆದ ಮೇಲೆ ತಂಗಿ ಹಿಂದಿನ ಕೋಣೆಗೆ ಹೋದಳು. ಹೊರಗೆ ಬಂದಾಗ ಚೀಲ ಹೆಗಲಲ್ಲಿತ್ತು, ಬಿಳಿ ಮೇಲಂಗಿ ಚೀಲದೊಳಗಿತ್ತು.

"ಸುಣ್ಣ ಹೊಡೆದಿದ್ದಾಯ್ತಲ್ಲೇ," ಎಂದಳು ಚಿವುಟಕ್ಕ. ಹೇಳಬೇಕಾದ್ದು ನೂರಿತ್ತು. ಬಾಯಿಗೆ ಬಂದದ್ದು ಸುಣ್ಣ.

"ಕೋಣೆ ತುಂಬಾ ಚೆನ್ನಾಗಿದೆ ಅಕ್ಕ. ನಾನಿಲ್ಲಿದ್ರೆ ಇನ್ನೊಂದು ತಿಂಗಳಿಗೆ ನನ್ನ ಬಟ್ಟೆ ನೀನು ಒಗೀತಿರ್ತೀಯ. ಎರಡು ತಿಂಗಳಿಗೆ ನನ್ನ ಹೋಟ್ಲಿಗೆ ಬಂದು ಕೂತಿರ್ತೀಯ. ಬೇಡ ಅನ್ನೋಕೆ ನನಗೂ ಬಾಯಿ ಬರಲ್ಲ, ಯಾಕಂದ್ರೆ ಸುಖವಾಗಿರುತ್ತೆ. ಸಂಜೆ ಆಗೋದರೊಳಗೆ ಸೇತುವೆ ಆಚೆ ಹೋಗಿ ಹೇಳ್ಬೇಕು. ಬರ್ತೀನಿ."

ಕುಂಟುತ್ತ ಬೀದಿಯ ತಿರುವು ದಾಟುವವರೆಗೆ ಚಿವುಟಕ್ಕ ಹೊಸ್ತಿಲಲ್ಲೇ ನಿಂತಿದ್ದಳು. ಈ ಸಲ ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ. ಬೋಗುಣಿಯ ಮುಂದೆ ತಂಗಿ ಅಷ್ಟು ಆಸೆಯಿಂದ ಮುಖ ನೋಡಿದಾಗ ಹೇಳಬೇಕೆಂದಿದ್ದ ಒಳ್ಳೆಯ ಮಾತನ್ನೆಲ್ಲ ಕೋಳಿಯಮ್ಮನ ಮುಂದೆ ಸುರಿದಾಗಿತ್ತು.

ಆಮೇಲೆ ಶೆಡ್ಡಿನಲ್ಲಿ ಅವಳು ಕೆಲವು ದಿನ ಮಾತಾಡದೆ ಸುಲಿದು ನೋಡಿದಳು. ಕೈಯನ್ನೇ ನೋಡುತ್ತ, ಈಗ ಹಿಡಿದೆ, ಈಗ ಚಿವುಟಿದೆ ಎಂದು ಒಂದೊಂದನ್ನೂ ಬೇಕೆಂದೇ ಮಾಡುತ್ತ. ಕೈ ಎಡವಿತು. ಹೊಸದಾಗಿ ಸೇರಿದ ಹುಡುಗಿಯರೂ ಅವಳನ್ನು ದಾಟಿ ಹೋದರು. "ಏನು ಚಿವುಟಕ್ಕ, ಬ್ಯಾಟರಿ ಖಾಲಿಯಾಯ್ತಾ?" ಎಂದು ಪಕ್ಕದವಳು ಕೆಣಕಿದಳು. ಮೇಸ್ತ್ರಿ ಬಂದು ಹುಷಾರಿಲ್ಲವೇ ಎಂದು ಕೇಳಿ ಹೋದ. ಇಷ್ಟು ಕಾಲ ತಿದ್ದದೆ ಬಿಟ್ಟ ಕೈ ಈಗ ತಿದ್ದೀತೇ? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಮಗುವೊಂದನ್ನು ಸಾಕಲೆಂದು ಕಲಿತದ್ದು. ಅದೇ ಅವಳನ್ನು ಹೆಚ್ಚು ಸುಟ್ಟಿತು.

ತಿಂಗಳು ಕಳೆದ ಮೇಲೆ ತಂಗಿಯ ಫೋನು ಬಂತು. "ಈ ಭಾನುವಾರ ಬಾ. ಆ ಅಡುಗೆ ಸರಿಯಾಗಿ ಮಾಡಿ ಹಾಕ್ತೀನಿ."

ಸೇತುವೆಯಾಚೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಕಿರಿದಾದ ಮೆಟ್ಟಿಲು. ಒಂದು ಕಿಟಕಿ, ಒಂದು ಹಗ್ಗ, ಹಗ್ಗದ ಮೇಲೆ ತಾನೇ ಒಗೆದ ಬಟ್ಟೆ, ಒಂದು ಬರ್ನರಿನ ಒಲೆ. ಗೋಡೆಯ ಒಂದು ಮೂಲೆಯಲ್ಲಿ ಸುಣ್ಣ ಉದುರಿತ್ತು. ನಮ್ಮ ಕೋಣೆ ಇದಕ್ಕಿಂತ ಎಷ್ಟು ಚೆನ್ನಾಗಿತ್ತು ಎಂದು ಚಿವುಟಕ್ಕನಿಗೆ ಅನಿಸಿತು. ಅನಿಸಿದ್ದನ್ನು ಹೇಳಲಿಲ್ಲ. ತೋರಿಸಿದ ಸ್ಟೂಲಿನ ಮೇಲೆ ಕೂತು, ತನ್ನ ಕೈಚೀಲವನ್ನು ಮಡಿಲಲ್ಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡಳು.

ತಂಗಿ ಕತ್ತರಿಯಿಂದ ಸಿಗಡಿಯ ಮೀಸೆ ಮಾತ್ರ ಕತ್ತರಿಸಿದಳು. ಬೆನ್ನಿನ ಸಿಪ್ಪೆಯನ್ನು ಸೀಳಿ ಕರುಳು ತೆಗೆದಳು, ಸಿಪ್ಪೆ ಹಾಗೇ ಬಿಟ್ಟಳು. ಬಟ್ಟೆಯಿಂದ ಒಂದೊಂದನ್ನೂ ಒರೆಸಿದಳು. ಅವಳ ಕೈ ಅಕ್ಕನಷ್ಟು ಚುರುಕಲ್ಲ. ಒಂದು ಸಿಗಡಿಗೆ ಅವಳು ತೆಗೆದುಕೊಂಡ ಹೊತ್ತಿನಲ್ಲಿ ಚಿವುಟಕ್ಕ ಒಂದು ಹಿಡಿ ಮುಗಿಸುತ್ತಿದ್ದಳು. ಕೈಚೀಲದ ಹಿಡಿಯ ಮೇಲೆ ಹೆಬ್ಬೆರಳು ಎರಡು ಸಲ ತಾನಾಗಿ ಅಲುಗಿತು. ಅದನ್ನು ಮುಷ್ಟಿಯೊಳಗೆ ಮಡಿಚಿ ಒತ್ತಿ ಹಿಡಿದಳು.

ಬಾಣಲೆ ಕಾಯಿತು. ಸಿಗಡಿ ಬಿದ್ದಾಗ ಈ ಸಲ ಬೇರೆಯೇ ಸದ್ದು, ಒಣಗಿದ ಎಲೆಗಳ ಮೇಲೆ ನಡೆದಂತೆ. ಸಿಪ್ಪೆ ಕೆಂಪೇರಿ ಅಂಚು ಸೀದು ಕೋಣೆಯೆಲ್ಲ ಪರಿಮಳ ತುಂಬಿತು. ತಂಗಿ ಸೌಟಿನ ಬೆನ್ನಿನಿಂದ ತಲೆಗಳನ್ನು ಮೆಲ್ಲನೆ ಅದುಮಿದಳು. ಕೆಂಪು ಕೊಬ್ಬು ಹೊರಬಂದು ಬೆಣ್ಣೆಯೊಳಗೆ ಇಳಿಯಿತು, ಸೋಯಾ ಸಾಸಿನ ಕಪ್ಪಿನೊಳಗೆ ಒಂದು ಬಣ್ಣ ತಿರುಗಿತು.

"ಮೊದಲು ತಲೆ ಹಿಡಿದು ಚೀಪು," ಎಂದಳು ತಂಗಿ ತಟ್ಟೆ ಕೊಡುತ್ತ.

ಚಿವುಟಕ್ಕ ಚೀಪಿದಳು. ಖಾರ ಮೊದಲು ಬಂತು, ಹಿಂದೆಯೇ ಬೆಣ್ಣೆ, ಅದರ ಹಿಂದೆ ಮತ್ತೊಂದು ರುಚಿ, ಗಾಢವಾಗಿ, ಸಿಹಿಯಾಗಿ, ಆಳದ ನೀರಿನ ಹಾಗೆ. ಬಂದರಿನಲ್ಲೇ ಹುಟ್ಟಿ, ಸಿಗಡಿಯಲ್ಲೇ ಬೆಳೆದು, ಅವಳ ನಾಲಿಗೆ ಇದನ್ನು ಕಂಡಿರಲಿಲ್ಲ. ವರ್ಷಗಟ್ಟಲೆ ಬುಟ್ಟಿ ಬುಟ್ಟಿ ತಲೆಗಳು ಕಸದ ಗಾಡಿಗೆ ಹೋದವು, ಕೋಳಿಗೆ ಹೋದವು. ಕಸವೆಂದೇ ಎಣಿಸಿದ್ದಳು. ಮಗುವಿನ ಬಾಯಿಗೆ ಇದು ತಾಗಬಾರದೆಂದು ಎಷ್ಟು ಜತನದಿಂದ ತೆಗೆದೆಸೆದಿದ್ದಳು!

"ಹೇಗಿದೆ?"

"ತಲೆಯೊಳಗೆ ಇಷ್ಟೆಲ್ಲಾ ಇರುತ್ತಾ?"

"ಇರುತ್ತೆ."

"ನೀನು ಕಂಡುಹಿಡಿದಿದ್ದು ಬಹಳ ಚೆನ್ನಾಗಿದೆ ಪುಟ್ಟಿ," ಎಂದಳು ಚಿವುಟಕ್ಕ. ಅಂದು ಹೇಳದೆ ಉಳಿದ ಮಾತು. ಹೇಳಿದ ಮೇಲೆ ತಂಗಿಯ ಮುಖ ನೋಡಿದಳು. ತಂಗಿ ನಕ್ಕಳು. ಹೋಟೆಲಿನಲ್ಲಿ ಗಿರಾಕಿ ಹೊಗಳಿದಾಗ ನಗುವ ನಗು, ಒಳ್ಳೆಯ ನಗುವೇ. ಆ ಭಾನುವಾರ ಮುಖವೆತ್ತಿ ನೋಡಿದ ಮಗು ಅದರಲ್ಲಿರಲಿಲ್ಲ.

ಎರಡು ತುತ್ತು ಕಳೆದು ಚಿವುಟಕ್ಕ ಮೆಲ್ಲಗೆ ಅಂದಳು: "ಕೋಣೆ ಹಾಗೇ ಇದೆ. ಯಾವಾಗ ಬೇಕಾದ್ರೂ..."

"ಭಾವನ ಬಲೆ ಒಳಗಿಡಿಸು ಅಕ್ಕ. ಬಿಸಿಲಿಗೆ ಬಿದ್ದು ಬಿದ್ದು ಹಾಳಾಗುತ್ತೆ," ಎಂದಳು ತಂಗಿ, ಬಹಳ ಮೃದುವಾಗಿ, ಇನ್ನೆರಡು ಸಿಗಡಿಯನ್ನು ಅವಳ ತಟ್ಟೆಗೆ ಬಡಿಸುತ್ತ.

ಚಿವುಟಕ್ಕ ತಟ್ಟೆಯಲ್ಲಿದ್ದುದನ್ನು ಒಂದೂ ಬಿಡದೆ ತಿಂದಳು. ಸಿಪ್ಪೆಯನ್ನು ತನಗೆ ತಾನೇ ಬಿಡಿಸಿಕೊಂಡು, ನಿಧಾನವಾಗಿ. ಊಟ ಮುಗಿದಾಗ ಎರಡೂ ತಟ್ಟೆಗಳನ್ನು ಒಂದರ ಮೇಲೊಂದಿಟ್ಟುಕೊಂಡು ಮೂಲೆಯ ನಲ್ಲಿಯ ಕಡೆಗೆ ಎದ್ದಳು. ತಂಗಿ ಬಂದು ಅವಳ ಕೈಯಿಂದ ತಟ್ಟೆಗಳನ್ನು ತೆಗೆದುಕೊಂಡಳು.

"ಬಿಡಕ್ಕ. ಮನೆಗೆ ಬಂದ ನೆಂಟರ ಕೈಯಲ್ಲಿ ತಟ್ಟೆ ತೊಳೆಸ್ತಾರಾ? ಕೂತ್ಕೋ."

ಚಿವುಟಕ್ಕ ಕೂತಳು.